ಕೆಂಟ್‌ನ ಹಳೆಯ ಚರ್ಚುಗಳನ್ನು ನೋಡುವುದು ಹೇಗೆ? ದಿನಕ್ಕೆ ಮೂರೇ ಬಾಗಿಲು

ಊರಿಂದ ಯಾರೇ ಬರಲಿ, ಲಂಡನ್ನಿನ ಅರಮನೆ, ಮ್ಯೂಸಿಯಂ, ದೊಡ್ಡ ಗಡಿಯಾರ ಎಲ್ಲ ಮುಗಿದ ಮೇಲೆ ನಾನು ಅವರನ್ನು ಒಂದು ದಿನ ಕೆಂಟ್‌ಗೆ ಕರೆದುಕೊಂಡು ಹೋಗುತ್ತೇನೆ. ಲಂಡನ್ನಿನ ಆಗ್ನೇಯಕ್ಕೆ, ಸಮುದ್ರದ ತನಕ ಹಬ್ಬಿರುವ ಕೌಂಟಿ, ಅಂದರೆ ನಮ್ಮ ಜಿಲ್ಲೆಯಂಥದ್ದು ಇದು. ರೋಮ್‌ನ ಪೋಪ್ ಕಳಿಸಿದ ಅಗಸ್ಟಿನ್ ಎಂಬ ಸನ್ಯಾಸಿ 597ರಲ್ಲಿ ತನ್ನ ಜೊತೆಗಾರರೊಂದಿಗೆ ಹಡಗಿನಿಂದ ಇಳಿದದ್ದು ಇದೇ ನೆಲದಲ್ಲಿ. ಅವತ್ತಿನಿಂದ ಇವತ್ತಿನವರೆಗೆ 1400ಕ್ಕೂ ಹೆಚ್ಚು ವರ್ಷ ಇಲ್ಲಿ ಪ್ರಾರ್ಥನೆ ನಡೆದುಕೊಂಡು ಬಂದಿದೆ.

ಮೊದಲ ಸಲ ಬಂದಾಗ ನಾನು ಒಂದೇ ದಿನ ಏಳು ಚರ್ಚು ನೋಡಿದೆ. ರಾತ್ರಿ ಫೋಟೊಗಳನ್ನು ತೆಗೆದು ಕೂತರೆ ಯಾವ ಕಮಾನು ಯಾವ ಊರಿನದು ಎಂದು ಒಂದೂ ನೆನಪಿಲ್ಲ. ಆಮೇಲೆ ಒಂದು ನಿಯಮ ಮಾಡಿಕೊಂಡೆ. ದಿನಕ್ಕೆ ಮೂರೇ ಚರ್ಚು. ಪ್ರತಿಯೊಂದರಲ್ಲೂ ಕನಿಷ್ಠ ಹತ್ತು ನಿಮಿಷ ಸುಮ್ನೆ ಬೆಂಚಿನ ಮೇಲೆ ಕೂರುವುದು. ಕೂತಾಗ ಕಾಣುವುದು ನಡೆದಾಡುವಾಗ ಕಾಣುವುದಿಲ್ಲ. ಈ ಮಾರ್ಗದರ್ಶಿ ಪೂರ್ತಿ ಆ ನಿಯಮದ ಮೇಲೆಯೇ ನಿಂತಿದೆ.

ಮೊದಲು ಒಂದು ಮೂಲೆ ಆರಿಸಿಕೊಳ್ಳಿ

ಕೆಂಟ್ ದೊಡ್ಡದು. ಹಳ್ಳಿಗೊಂದು ಹಳೆಯ ಚರ್ಚು ಇದೆ. ಎಲ್ಲ ಕಡೆ ಓಡಾಡಲು ಹೋದರೆ ರಸ್ತೆಯಲ್ಲೇ ದಿನ ಕಳೆಯುತ್ತದೆ. ಅದಕ್ಕೇ ಒಂದು ದಿನಕ್ಕೆ ಒಂದು ಮೂಲೆ ಸಾಕು.

ಕಾರಿಲ್ಲದವರಿಗೆ ಕ್ಯಾಂಟರ್ಬರಿ ಅಥವಾ ರಾಚೆಸ್ಟರ್ ಒಳ್ಳೆಯದು. ಲಂಡನ್ನಿನ ಸೇಂಟ್ ಪ್ಯಾಂಕ್ರಸ್ ಸ್ಟೇಷನ್ನಿನಿಂದ ವೇಗದ ರೈಲು ಹಿಡಿದರೆ ಕ್ಯಾಂಟರ್ಬರಿ ವೆಸ್ಟ್‌ಗೆ ಒಂದು ಗಂಟೆಯೊಳಗೆ ತಲುಪುತ್ತೀರಿ. ರಾಚೆಸ್ಟರ್ ಇನ್ನೂ ಹತ್ತಿರ. ಬೆಳಗಿನ ಆಫೀಸ್ ಹೊತ್ತು ಮುಗಿದ ಮೇಲೆ ಹೊರಟರೆ ಟಿಕೆಟ್ ಅಗ್ಗ. ಇಬ್ಬರು ಯಾವಾಗಲೂ ಜೊತೆಯಾಗಿ ತಿರುಗುವವರಾದರೆ ಟಿಕೆಟ್ಟಿಗೆ ರಿಯಾಯಿತಿ ಕೊಡುವ ರೈಲ್‌ಕಾರ್ಡ್ ಮಾಡಿಸಿಕೊಳ್ಳಿ. ಒಂದೆರಡು ಓಡಾಟದಲ್ಲಿ ಅದರ ದುಡ್ಡು ವಾಪಸ್ ಬರುತ್ತದೆ.

ಕಾರಿದ್ದವರಿಗೆ ದಕ್ಷಿಣದ ರಾಮ್ನಿ ಮಾರ್ಷ್ ಎಂಬ ಜೌಗು ಬಯಲು ಬಹಳ ಚೆನ್ನ. ಸೈಕಲ್ ಇದ್ದರೆ ಇನ್ನೂ ಚೆನ್ನ. ನೆಲ ಅಂಗೈಯಷ್ಟು ಸಮ, ಏರಿಳಿತವೇ ಇಲ್ಲ. ಎದುರುಗಾಳಿ ಮಾತ್ರ ಜೋರು.

ಕಾಗದದ ಭೂಪಟ ಓದುವ ಅಭ್ಯಾಸ ಇದ್ದರೆ ಬ್ರಿಟನ್ನಿನ ಸರ್ಕಾರಿ ಭೂಪಟ ಸಂಸ್ಥೆಯಾದ ಆರ್ಡ್‌ನೆನ್ಸ್ ಸರ್ವೆಯವರ ನಕ್ಷೆ ಕೊಳ್ಳಿ. ಅದರಲ್ಲಿ ಕಪ್ಪು ಚೌಕದ ಮೇಲೆ ಶಿಲುಬೆ ಇದ್ದರೆ ಆ ಚರ್ಚಿಗೆ ಚೌಕ ಗೋಪುರ ಇದೆ ಎಂದರ್ಥ. ಕಪ್ಪು ವೃತ್ತದ ಮೇಲೆ ಶಿಲುಬೆ ಇದ್ದರೆ ಚೂಪು ಶಿಖರವೋ ಗುಮ್ಮಟವೋ ಇದೆ. ಬರೀ ಶಿಲುಬೆ ಇದ್ದರೆ ಎರಡೂ ಇಲ್ಲ. ಇದೊಂದು ಗೊತ್ತಿದ್ದರೆ ಹೊಲದ ನಡುವೆ ನಿಂತು ದೂರದ ಗೋಪುರವನ್ನು ನೋಡಿ ನೀವೆಲ್ಲಿದ್ದೀರಿ ಎಂದು ಹೇಳಬಹುದು.

ತೆರೆದಿದೆಯಾ ಎಂದು ಹಿಂದಿನ ದಿನವೇ ವಿಚಾರಿಸಿ

ಹಳ್ಳಿಯ ಚರ್ಚಿಗೆ ಟಿಕೆಟ್ ಇಲ್ಲ, ಕೌಂಟರ್ ಇಲ್ಲ, ಕಾವಲುಗಾರನೂ ಇಲ್ಲ. ಊರಿನ ಯಾರೋ ಒಬ್ಬರು, ಹೆಚ್ಚಾಗಿ ವಯಸ್ಸಾದವರು, ಬೆಳಿಗ್ಗೆ ಬಂದು ಬೀಗ ತೆಗೆದು ಸಂಜೆ ಬಂದು ಹಾಕುತ್ತಾರೆ. ಅವರಿಗೆ ಹುಷಾರಿಲ್ಲದಿದ್ದರೆ ಬಾಗಿಲು ತೆರೆಯದೆ ಇರಬಹುದು. ಕೆಲವು ಕಡೆ ಬೀಗ ಯಾವಾಗಲೂ ಇರುತ್ತದೆ. ಚರ್ಚಿನ ಛಾವಣಿಯ ಸೀಸದ ತಗಡನ್ನು ಕದ್ದು ಮಾರುವ ಕಳ್ಳರ ಕಾಟ ಇಂಗ್ಲೆಂಡಿನಲ್ಲಿ ತುಂಬಾ ಇದೆ. ಒಂದು ರಾತ್ರಿಯ ಕಳ್ಳತನ, ಆಮೇಲೆ ಮಳೆ ನೀರು ಒಳಗೆ. ಆದ್ದರಿಂದ ಬೀಗ ಕಂಡರೆ ಬೇಜಾರು ಮಾಡಿಕೊಳ್ಳಬೇಡಿ.

ಇಂಗ್ಲೆಂಡಿನ ಚರ್ಚಿನವರದ್ದೇ ಒಂದು ವೆಬ್‌ಸೈಟ್ ಇದೆ, ‘ಎ ಚರ್ಚ್ ನಿಯರ್ ಯು’ ಅಂತ. ಊರಿನ ಹೆಸರು ಹಾಕಿದರೆ ಆರಾಧನೆಯ ಸಮಯ ಮತ್ತು ಸಂಪರ್ಕ ಸಿಗುತ್ತದೆ. ಒಂದು ಸಣ್ಣ ಇಮೇಲ್ ಕಳಿಸಿ. "ನಾವು ಇಬ್ಬರು, ಶನಿವಾರ ಹನ್ನೊಂದಕ್ಕೆ ಬರುತ್ತೇವೆ, ಬಾಗಿಲು ತೆರೆದಿರುತ್ತದೆಯೇ?" ಅಷ್ಟೇ ಸಾಕು. ಎಷ್ಟೋ ಸಲ ನನಗೆ ಉತ್ತರದ ಜೊತೆಗೆ "ನಾನೇ ಬಂದು ತೋರಿಸುತ್ತೇನೆ" ಎಂಬ ಮಾತೂ ಬಂದಿದೆ. ಕೇಳದೆ ಹೋಗಿ ಮಳೆಯಲ್ಲಿ ಮುಚ್ಚಿದ ಬಾಗಿಲ ಮುಂದೆ ನಿಂತು ವಾಪಸ್ ಬಂದದ್ದೂ ಇದೆ. ಬಾಗಿಲ ಪಕ್ಕದ ನೋಟೀಸ್ ಬೋರ್ಡನ್ನು ಮಾತ್ರ ತಪ್ಪದೆ ಓದಿ. ಬೀಗದ ಕೈ ಯಾರ ಮನೆಯಲ್ಲಿದೆ ಎಂದು ಅಲ್ಲಿ ಬರೆದಿರುತ್ತಾರೆ. ಹೋಗಿ ಬಾಗಿಲು ತಟ್ಟಲು ಸಂಕೋಚ ಬೇಡ. ಹಾಗೆ ಕೇಳಲಿ ಎಂದೇ ಅಲ್ಲವಾ ಬರೆದಿರುವುದು?

ಸೆಪ್ಟೆಂಬರ್ ಅತ್ಯಂತ ಒಳ್ಳೆಯ ತಿಂಗಳು. ಆ ತಿಂಗಳ ಎರಡನೆಯ ಶನಿವಾರ ‘ರೈಡ್ ಅಂಡ್ ಸ್ಟ್ರೈಡ್’ ಎಂಬ ದಿನ. ಜನ ಸೈಕಲ್ಲಿನಲ್ಲಿ, ಕಾಲ್ನಡಿಗೆಯಲ್ಲಿ ಚರ್ಚಿಂದ ಚರ್ಚಿಗೆ ಹೋಗುತ್ತಾ ದುರಸ್ತಿಗೆ ಹಣ ಕೂಡಿಸುತ್ತಾರೆ. ಅವತ್ತು ಬೇರೆ ದಿನ ಮುಚ್ಚಿರುವ ಬಾಗಿಲುಗಳೂ ತೆರೆದಿರುತ್ತವೆ. ಬಾಗಿಲಲ್ಲಿ ಕುಡಿಯಲು ಜ್ಯೂಸ್, ತಿನ್ನಲು ಬಿಸ್ಕತ್ತು ಇಟ್ಟಿರುತ್ತಾರೆ. ಅದೇ ತಿಂಗಳು ಹಳೆಯ ಕಟ್ಟಡಗಳನ್ನು ಜನರಿಗೆ ತೆರೆದಿಡುವ ‘ಹೆರಿಟೇಜ್ ಓಪನ್ ಡೇಸ್’ ಕೂಡ ಬರುತ್ತದೆ. ಚಳಿಗಾಲದಲ್ಲಿ ಹೋಗುವುದಾದರೆ ಒಂದು ಎಚ್ಚರಿಕೆ: ಡಿಸೆಂಬರಿನಲ್ಲಿ ನಾಲ್ಕು ಗಂಟೆಗೆ ಕತ್ತಲು. ಮೂರು ಚರ್ಚು ಎಂದುಕೊಂಡಿದ್ದರೆ ಎರಡಕ್ಕೆ ಇಳಿಸಿ.

ಚೀಲದಲ್ಲಿ ಏನಿರಬೇಕು

ಒಂದು ಸ್ವೆಟರ್ ಜಾಸ್ತಿ. ಆಗಸ್ಟಿನಲ್ಲೂ ಆ ಕಲ್ಲಿನ ಗೋಡೆಗಳ ಒಳಗೆ ತಣ್ಣಗಿರುತ್ತದೆ. ಒಂದು ಸಣ್ಣ ದುರ್ಬೀನು, ಏಕೆಂದರೆ ಅತ್ಯುತ್ತಮ ಕೆತ್ತನೆ ಯಾವಾಗಲೂ ಕೈಗೆಟುಕದ ಎತ್ತರದಲ್ಲೇ ಇರುತ್ತದೆ. ಟಾರ್ಚು, ನೀರು, ತಿಂಡಿ, ಚಿಲ್ಲರೆ ಕಾಸು. ಹಳ್ಳಿ ಚರ್ಚುಗಳಲ್ಲಿ ಶೌಚಾಲಯ ಇರುವುದು ಕಡಿಮೆ. ಊರಿನ ಪಬ್‌ನಲ್ಲಿ ಒಂದು ಕಾಫಿ ಕುಡಿದು ಆ ಕೆಲಸ ಮುಗಿಸಿಕೊಂಡು ಹೋಗುವುದು ಕ್ಷೇಮ. ಅಪ್ಪ ಅಮ್ಮನನ್ನು ಕರೆದುಕೊಂಡು ಹೋಗುವವರು ಇದನ್ನು ಮರೆಯಲೇಬಾರದು.

ಬಾಗಿಲು ತೆರೆಯುವುದು

ಇದಕ್ಕೂ ಒಂದು ವಿಧಾನವೇ ಎಂದು ಕೇಳಬೇಡಿ. ಎಷ್ಟೋ ಜನ ಬಾಗಿಲು ತೆರೆದೇ ಇದ್ದರೂ ಬೀಗ ಹಾಕಿದೆ ಎಂದುಕೊಂಡು ವಾಪಸ್ ಹೋಗುತ್ತಾರೆ.

ಮೊದಲು ಸಿಗುವುದು ಹೆಂಚಿನ ಸೂರಿನ ಒಂದು ಮರದ ದ್ವಾರ. ಲಿಚ್‌ಗೇಟ್ ಎನ್ನುತ್ತಾರೆ. ಶವದ ಪೆಟ್ಟಿಗೆ ತಂದವರು ಪಾದ್ರಿ ಬರುವವರೆಗೆ ಇದರ ನೆರಳಲ್ಲಿ ಕಾಯುತ್ತಿದ್ದರು. ದಾಟಿದರೆ ಸಮಾಧಿಗಳ ಅಂಗಳ. ದಾರಿ ಬಿಟ್ಟು ನಡೆಯಬೇಡಿ, ಕಲ್ಲುಗಳಿಗೆ ಒರಗಬೇಡಿ. ಹಳೆಯ ಕಲ್ಲುಗಳು ಸಡಿಲ ಇರುತ್ತವೆ. ಅಲ್ಲೊಂದು ಭಾರೀ ಯೂ ಮರ ಇದ್ದರೆ ಅದರ ಬುಡದಲ್ಲಿ ಒಂದು ಕ್ಷಣ ನಿಲ್ಲಿ. ಕೆಲವು ಸಲ ಚರ್ಚಿಗಿಂತ ಮರವೇ ಹಳೆಯದು. ಮಕ್ಕಳು ಅದರ ಕೆಂಪು ಹಣ್ಣು, ಎಲೆ ಬಾಯಿಗೆ ಹಾಕಿಕೊಳ್ಳದಂತೆ ನೋಡಿಕೊಳ್ಳಿ. ವಿಷ.

ನಾನು ಒಳಗೆ ಹೋಗುವ ಮುಂಚೆ ಹೊರಗಿನಿಂದ ಒಂದು ಸುತ್ತು ಬರುತ್ತೇನೆ. ಪ್ರದಕ್ಷಿಣೆಯ ಅಭ್ಯಾಸ ಇರುವ ನಮಗೆ ಇದು ಸಲೀಸು. ಹೊರಗೋಡೆಯಲ್ಲೇ ಅರ್ಧ ಕಥೆ ಗೊತ್ತಾಗುತ್ತದೆ. ಮುಚ್ಚಿದ ಹಳೆಯ ಬಾಗಿಲಿನ ಗುರುತು, ಆಮೇಲೆ ಎತ್ತರಿಸಿದ ಛಾವಣಿಯ ಗೆರೆ, ಗೋಡೆಗೆ ಸೇರಿಸಿದ ರೋಮನ್ನರ ಕೆಂಪು ಇಟ್ಟಿಗೆ. ಕೆಂಟ್‌ನಲ್ಲಿ ಹೆಚ್ಚಾಗಿ ಕಾಣುವುದು ಫ್ಲಿಂಟ್ ಎಂಬ ಗಾಜಿನಂಥ ಕಪ್ಪು ಕಲ್ಲು, ಇಲ್ಲವೇ ರ‍್ಯಾಗ್‌ಸ್ಟೋನ್ ಎಂಬ ಒರಟು ಬೂದು ಕಲ್ಲು.

ಈಗ ಬಾಗಿಲು. ಭಾರೀ ಓಕ್ ಮರ, ಅದರಲ್ಲೊಂದು ಕಬ್ಬಿಣದ ಬಳೆ. ಬಳೆಯನ್ನು ಎಳೆಯಬೇಡಿ, ತಿರುಗಿಸಿ. ಒಳಗಿನ ಚಿಲಕ ಎದ್ದು ಟಕ್ ಎಂದು ಸದ್ದಾಗುತ್ತದೆ. ಒಂದು ಕಡೆ ತಿರುಗದಿದ್ದರೆ ಇನ್ನೊಂದು ಕಡೆ. ಆಮೇಲೆ ಭುಜ ಕೊಟ್ಟು ಮೆಲ್ಲಗೆ ತಳ್ಳಿ. ಕಾಲ ಕೆಳಗೆ ನೋಡಿಕೊಳ್ಳಿ, ಒಳಗೆ ಮೆಟ್ಟಿಲು ಇಳಿಯುವುದು ಸಾಮಾನ್ಯ. ಹೊರಗೆ ತಂತಿ ಬಲೆಯ ಇನ್ನೊಂದು ಬಾಗಿಲು ಇದ್ದರೆ ಅದು ಹಕ್ಕಿಗಳಿಗಾಗಿ. ಒಳಗೆ ಸಿಕ್ಕಿಬಿದ್ದ ಹಕ್ಕಿ ದಾರಿ ಸಿಗದೆ ಸಾಯುತ್ತದೆ. ತೆರೆದ ಕೂಡಲೇ ಮುಚ್ಚಿ.

ಚಪ್ಪಲಿ ಬಿಡಬೇಕಾಗಿಲ್ಲ. ನಮ್ಮ ಕೈ ತಾನಾಗೇ ಶೂ ಲೇಸಿಗೆ ಹೋಗುತ್ತದೆ, ಆದರೆ ಇಲ್ಲಿ ಆ ಪದ್ಧತಿ ಇಲ್ಲ. ಕೆಸರಾಗಿದ್ದರೆ ಮಾತ್ರ ಬಾಗಿಲ ಮುಂದಿನ ಮಂಟಪದಲ್ಲಿ ಬಿಡಿ. ಗಂಡಸರು ಟೋಪಿ ತೆಗೆಯಿರಿ. ಕತ್ತಲಿದ್ದರೆ ಬಾಗಿಲ ಪಕ್ಕ ಸ್ವಿಚ್ ಹುಡುಕಿ. ಹಲವು ಕಡೆ ದೀಪ ಸ್ವಲ್ಪ ಹೊತ್ತಿಗೆ ತಾನಾಗೇ ಆರುತ್ತದೆ.

ಒಳಗೆ ಕಣ್ಣು ಎಲ್ಲೆಲ್ಲಿ ಹೋಗಬೇಕು

ಒಳಗಿನ ಕ್ರಮ ನಮಗೆ ಅಪರಿಚಿತವೇನಲ್ಲ. ದೇವಸ್ಥಾನದಲ್ಲಿ ನವರಂಗ ದಾಟಿ ಗರ್ಭಗುಡಿಯ ಕಡೆ ನಡೆಯುತ್ತೇವಲ್ಲ, ಹಾಗೇ ಇಲ್ಲಿ ಪಶ್ಚಿಮದಿಂದ ಪೂರ್ವಕ್ಕೆ ನಡೆಯಬೇಕು. ಪಶ್ಚಿಮದಲ್ಲಿ, ಬಾಗಿಲ ಹತ್ತಿರ, ದೀಕ್ಷಾಸ್ನಾನದ ತೊಟ್ಟಿ. ಮಗು ಧರ್ಮದೊಳಗೆ ಬರುವ ಜಾಗ ಅದು, ಅದಕ್ಕೇ ಬಾಗಿಲ ಬಳಿ. ನಡುವೆ ಜನ ಕೂರುವ ಭಾಗ. ಒಂದು ಕಮಾನು ದಾಟಿದರೆ ಪಾದ್ರಿ ಮತ್ತು ಹಾಡುವವರ ಭಾಗ. ಪೂರ್ವದ ತುದಿಯಲ್ಲಿ ಬಲಿಪೀಠ. ಅದರ ಮುಂದೆ ಕಟಕಟೆ ಇದ್ದರೆ ದಾಟಬೇಡಿ.

ಕಾಲ ಗುರುತಿಸಲು ಕಮಾನು ನೋಡಿ. ಅರ್ಧ ವೃತ್ತದ ದಪ್ಪ ಕಮಾನು ಇದ್ದರೆ ಸಾಮಾನ್ಯವಾಗಿ ಫ್ರಾನ್ಸ್ ಕಡೆಯಿಂದ ಬಂದು ಇಂಗ್ಲೆಂಡನ್ನು ಗೆದ್ದ ನಾರ್ಮನ್ನರ ಕಾಲ, ಅಂದರೆ 1066ರ ನಂತರದ ಸುಮಾರು ನೂರಿಪ್ಪತ್ತು ವರ್ಷ. ಮೊನಚು ಕಮಾನು, ಈಟಿಯಂಥ ಉದ್ದ ಕಿಟಕಿ ಇದ್ದರೆ ಅದರ ನಂತರದ್ದು. ಕಿಟಕಿ ಅಗಲವಾಗಿ, ಕಲ್ಲಿನ ಸರಳುಗಳು ನೆಟ್ಟಗೆ ಮೇಲಿನ ತನಕ ಹೋಗಿದ್ದರೆ 14ನೆಯ ಶತಮಾನದ ಕೊನೆ ಅಥವಾ ಆಮೇಲಿನದು. ಒಂದೇ ಚರ್ಚಿನಲ್ಲಿ ಮೂರೂ ಇರುವುದೇ ಹೆಚ್ಚು. ನಮ್ಮ ಹಳೆಯ ಮನೆಗಳ ಹಾಗೆ, ದುಡ್ಡು ಬಂದಾಗ ಒಂದೊಂದು ಕೋಣೆ ಸೇರಿಸಿದ್ದಾರೆ.

ಬಲಿಪೀಠದ ಬಲಗಡೆ ಗೋಡೆಯಲ್ಲಿ ಒಂದು ಸಣ್ಣ ಗೂಡು, ತಳದಲ್ಲಿ ತೂತು ಕಾಣುತ್ತದೆ. ಪಾತ್ರೆ ತೊಳೆದ ಪವಿತ್ರ ನೀರು ಅಲ್ಲಿಂದ ನೇರ ಮಣ್ಣಿಗೆ ಇಳಿಯಲಿ ಎಂದು ಮಾಡಿದ್ದು. ತೀರ್ಥ ತುಳಿಯಬಾರದು ಎಂದು ಬೆಳೆದ ನಮಗೆ ಇದನ್ನು ಯಾರೂ ವಿವರಿಸಬೇಕಿಲ್ಲ.

ಗೋಡೆಗಳು ಬಿಳಿಯಾಗಿ ಬೋಳು ಇರುವುದಕ್ಕೂ ಕಾರಣ ಇದೆ. ಮಧ್ಯಯುಗದಲ್ಲಿ ಅವು ಚಿತ್ರಗಳಿಂದ ತುಂಬಿದ್ದವು. 16ನೆಯ ಶತಮಾನದಲ್ಲಿ ಇಂಗ್ಲೆಂಡಿನ ರಾಜ ಎಂಟನೆಯ ಹೆನ್ರಿ ರೋಮ್‌ನ ಪೋಪ್‌ನಿಂದ ಬೇರೆಯಾದ. ಅವನ ಮತ್ತು ಅವನ ಮಗನ ಕಾಲದಲ್ಲಿ ವಿಗ್ರಹಗಳನ್ನು ಒಡೆದರು, ಚಿತ್ರಗಳಿಗೆ ಸುಣ್ಣ ಬಳಿದರು. ನೂರು ವರ್ಷದ ನಂತರ ಅಂತರ್ಯುದ್ಧದಲ್ಲಿ ಮತ್ತೊಂದು ಸುತ್ತು. ಸುಣ್ಣದ ಅಡಿಯಿಂದ ಒಂದು ಕೆಂಪು ಗೆರೆ, ಒಂದು ಮುಖ ಇಣುಕುತ್ತಿದ್ದರೆ ಮುಟ್ಟದೆ, ಹತ್ತಿರ ನಿಂತು ನೋಡಿ. ಫಾವರ್‌ಶಮ್ ಊರಿನ ಚರ್ಚಿನಲ್ಲಿ 14ನೆಯ ಶತಮಾನದ ಆರಂಭದ ಒಂದು ಕಂಬ ಇದೆ. ಅದರ ಸುತ್ತ ಬೈಬಲ್ ಕಥೆಯ ಚಿತ್ರಗಳು ಈಗಲೂ ಬಣ್ಣ ಉಳಿಸಿಕೊಂಡಿವೆ. ಆಗ ಎಲ್ಲ ಚರ್ಚುಗಳೂ ಹೀಗೆ ಬಣ್ಣಬಣ್ಣವಾಗಿದ್ದವಲ್ಲ ಎಂದು ಆ ಕಂಬದ ಮುಂದೆ ನಿಂತಾಗ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ನೆಲದ ಹಿತ್ತಾಳೆ ಫಲಕಗಳನ್ನೂ ನೋಡಿ. ಕಾಬಮ್ ಊರಿನ ಚರ್ಚಿನಲ್ಲಿ ಬಲಿಪೀಠದ ಮುಂದೆ ಸಾಲಾಗಿ ಮಲಗಿದ ಯೋಧರು, ಅವರ ಹೆಂಡತಿಯರು, ಕಾಲ ಬಳಿ ನಾಯಿಗಳು, ಎಲ್ಲ ಹಿತ್ತಾಳೆಯಲ್ಲಿ ಕೊರೆದದ್ದು. ಅಂಥ ಸಂಗ್ರಹ ಇಂಗ್ಲೆಂಡಿನಲ್ಲೇ ಅಪರೂಪ. ಕಾಗದ ಇಟ್ಟು ಉಜ್ಜಿ ಅಚ್ಚು ತೆಗೆಯುವ ಆಸೆ ಇದ್ದರೆ ಮೊದಲು ಅನುಮತಿ ಕೇಳಿ.

ಕ್ಯಾಂಟರ್ಬರಿಗೆ ಪೂರ್ತಿ ಒಂದು ದಿನ ಕೊಡಿ

ಇಲ್ಲಿ ಮೂರು ಜಾಗ ಸೇರಿ ಒಂದು ವಿಶ್ವ ಪರಂಪರೆಯ ತಾಣ, 1988ರಿಂದ. ನಡೆದೇ ಮೂರನ್ನೂ ನೋಡಬಹುದು. ಹೆಚ್ಚಿನವರು ಕೆಥೆಡ್ರಲ್, ಅಂದರೆ ಬಿಷಪ್‌ನ ಪೀಠ ಇರುವ ದೊಡ್ಡ ಚರ್ಚು, ಒಂದನ್ನೇ ನೋಡಿ ರೈಲು ಹತ್ತುತ್ತಾರೆ. ನಾನು ಉಲ್ಟಾ ಕ್ರಮ ಹೇಳುತ್ತೇನೆ. ಊರಿನ ಪೂರ್ವದ ಅಂಚಿನ ಸೇಂಟ್ ಮಾರ್ಟಿನ್‌ನಿಂದ ಶುರು ಮಾಡಿ. ಚಿಕ್ಕ ಚರ್ಚು. ಅಗಸ್ಟಿನ್ ಬರುವ ಮುಂಚೆಯೇ ಕೆಂಟ್‌ನ ರಾಜ ಎಥೆಲ್‌ಬರ್ಟ್‌ನ ರಾಣಿ ಬರ್ತಾ ಇಲ್ಲಿ ಪ್ರಾರ್ಥಿಸುತ್ತಿದ್ದಳು. ಅವಳು ಈಗಿನ ಫ್ರಾನ್ಸ್ ಕಡೆಯಿಂದ ಮದುವೆಯಾಗಿ ಬಂದ ಕ್ರೈಸ್ತ ಹೆಣ್ಣುಮಗಳು. ಇಂಗ್ಲಿಷ್ ಮಾತಾಡುವ ನಾಡುಗಳಲ್ಲಿ ಇವತ್ತಿಗೂ ಬಳಕೆಯಲ್ಲಿರುವ ಅತ್ಯಂತ ಹಳೆಯ ಚರ್ಚು ಇದೇ. ಗೋಡೆಯಲ್ಲಿ ರೋಮನ್ ಇಟ್ಟಿಗೆ ಕಾಣುತ್ತದೆ. ಎಲ್ಲ ದಿನವೂ ತೆರೆದಿರುವುದಿಲ್ಲ, ಆದ್ದರಿಂದ ನಿಮ್ಮ ದಿನವನ್ನು ಇದರ ಪ್ರಕಾರ ಗೊತ್ತು ಮಾಡಿಕೊಳ್ಳಿ.

ಅಲ್ಲಿಂದ ಇಳಿದು ಬಂದರೆ ಅಗಸ್ಟಿನ್ ಕಟ್ಟಿಸಿದ ಮಠದ ಅವಶೇಷ. ಅದನ್ನು ದಾಟಿ ಕೆಥೆಡ್ರಲ್. ಇಲ್ಲಿ ಟಿಕೆಟ್ ಇದೆ. ಒಳಗೆ ಹೋದ ಮೇಲೆ ಎಡಗಡೆ ನಡೆದು ‘ಮಾರ್ಟಿರ್ಡಮ್’ ಎಂಬ ಮೂಲೆಗೆ ಬನ್ನಿ. 1170ರ ಡಿಸೆಂಬರ್ 29ರ ಸಂಜೆ ಆರ್ಚ್‌ಬಿಷಪ್ ಥಾಮಸ್ ಬೆಕೆಟ್‌ನನ್ನು ನಾಲ್ವರು ಯೋಧರು ಕೊಂದದ್ದು ಇಲ್ಲಿ. ಅವರು ರಾಜ ಎರಡನೆಯ ಹೆನ್ರಿಯ ಕಡೆಯವರು. ಸತ್ತ ಆರ್ಚ್‌ಬಿಷಪ್ ಸಂತನಾದ. ಯುರೋಪಿನ ಎಲ್ಲೆಡೆಯಿಂದ ಯಾತ್ರಿಕರು ಬಂದರು. ಮೇಲಿನ ಟ್ರಿನಿಟಿ ಚಾಪೆಲ್ ಎಂಬ ಪ್ರಾರ್ಥನೆಯ ಜಾಗಕ್ಕೆ ಹತ್ತುವ ಮೆಟ್ಟಿಲುಗಳ ಕಲ್ಲು ಅವರ ಕಾಲಿಗೆ ಸವೆದು ಗುಳಿ ಬಿದ್ದಿದೆ. ಬೆಟ್ಟದ ಮೇಲಿನ ನಮ್ಮ ಗುಡಿಗಳ ಮೆಟ್ಟಿಲು ನೋಡಿದವರಿಗೆ ಈ ಸವೆತ ಚೆನ್ನಾಗಿ ಗೊತ್ತು. 1220ರಿಂದ 1538ರವರೆಗೆ ಅಲ್ಲಿ ಬೆಕೆಟ್‌ನ ಸಮಾಧಿ ಇತ್ತು. ಎಂಟನೆಯ ಹೆನ್ರಿ ಅದನ್ನು ಕೀಳಿಸಿದ. ಈಗ ಬರೀ ನೆಲ, ಅದರ ಮೇಲೆ ಉರಿಯುವ ಒಂದು ಮೇಣದಬತ್ತಿ. ಇಡೀ ಕಟ್ಟಡದಲ್ಲಿ ನನಗೆ ಅತ್ಯಂತ ಇಷ್ಟವಾದ ಜಾಗ ಆ ಖಾಲಿ ನೆಲ.

ಅದರ ಸುತ್ತಲಿನ ಬಣ್ಣದ ಗಾಜಿನ ಕಿಟಕಿಗಳಿಗೆ ದುರ್ಬೀನು ತೆಗೆಯಿರಿ. ಬೆಕೆಟ್‌ನ ಪವಾಡಗಳ ಕಥೆ ಅಲ್ಲಿದೆ. ಕಾಯಿಲೆಯವರು, ಕುರುಡರು, ಅಪಘಾತದಲ್ಲಿ ಬಿದ್ದವರು, ಅಳುವ ತಾಯಂದಿರು. ರಾಜರಾಣಿಯರಲ್ಲ, ಸಾಮಾನ್ಯ ಜನ. ಎರಡನೆಯ ಮಹಾಯುದ್ಧದ ಹೊತ್ತಿಗೆ ಹಳೆಯ ಗಾಜನ್ನು ಬಿಚ್ಚಿ ಭದ್ರ ಮಾಡಿದ್ದರಿಂದ 1942ರ ಜೂನ್ ಬಾಂಬ್ ದಾಳಿಯಲ್ಲಿ ಅದು ಉಳಿಯಿತು. ಆಮೇಲೆ ನೆಲಮಾಳಿಗೆಗೆ ಇಳಿಯಿರಿ. ಅಲ್ಲಿನ ಕಂಬಗಳ ತಲೆಯ ಕೆತ್ತನೆಯಲ್ಲಿ ವಾದ್ಯ ನುಡಿಸುವ ಪ್ರಾಣಿಗಳಿವೆ. ಪಕ್ಕದ ಒಂದು ಕೋಣೆ 16ನೆಯ ಶತಮಾನದಲ್ಲಿ ಜೀವ ಉಳಿಸಿಕೊಳ್ಳಲು ಓಡಿ ಬಂದ ಫ್ರೆಂಚ್ ಮಾತಾಡುವ ಪ್ರಾಟೆಸ್ಟೆಂಟರ ವಂಶದವರದು. ಇಂದಿಗೂ ಅಲ್ಲಿ ಫ್ರೆಂಚ್ ಭಾಷೆಯಲ್ಲೇ ಆರಾಧನೆ ನಡೆಯುತ್ತದೆ. ಪರದೇಶದಲ್ಲಿ ತಾಯಿನುಡಿ ಉಳಿಸಿಕೊಳ್ಳುವುದು ಎಷ್ಟು ಕಷ್ಟ ಎಂದು ಬಲ್ಲ ಕನ್ನಡಿಗರು ಆ ಬಾಗಿಲ ಮುಂದೆ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲುತ್ತಾರೆ, ನಾನು ನೋಡಿದ್ದೇನೆ.

ಕೆಥೆಡ್ರಲ್ ಟಿಕೆಟ್ ದುಬಾರಿ ಅನ್ನಿಸಿದರೆ ರಾಚೆಸ್ಟರ್‌ಗೆ ಹೋಗಿ. 604ರಲ್ಲಿ ಶುರುವಾದದ್ದು, ಇಂಗ್ಲೆಂಡಿನಲ್ಲಿ ಎರಡನೆಯ ಹಳೆಯ ಬಿಷಪ್ ಪೀಠ. ಪ್ರವೇಶಕ್ಕೆ ಹಣ ಕೇಳುವುದಿಲ್ಲ, ಕಾಣಿಕೆ ಹಾಕಬಹುದು. ಪಶ್ಚಿಮದ ಬಾಗಿಲ ಕೆತ್ತನೆ, ಒಳಗಿನ ಗೋಡೆಯ ಮೇಲೆ ಅರ್ಧ ಉಳಿದಿರುವ ಅದೃಷ್ಟಚಕ್ರದ ಚಿತ್ರ, ಇವೆರಡನ್ನು ಬಿಡಬೇಡಿ.

ರಾಮ್ನಿ ಮಾರ್ಷ್: ಕುರಿಗಳ ನಡುವೆ

ಸಮುದ್ರ ಹಿಂದೆ ಸರಿದು ಬಿಟ್ಟುಕೊಟ್ಟ ನೆಲ ಇದು. ಫೇರ್‌ಫೀಲ್ಡ್‌ನಿಂದ ಶುರು ಮಾಡಿ. ಸುತ್ತ ಊರಿಲ್ಲ, ಮರವಿಲ್ಲ. ಹುಲ್ಲು, ನೀರಿನ ಕಾಲುವೆ, ಕುರಿ, ನಡುವೆ ಒಂಟಿಯಾಗಿ ಒಂದು ಕೆಂಪು ಇಟ್ಟಿಗೆಯ ಚರ್ಚು. ಬೆಕೆಟ್‌ನ ಹೆಸರಿನದೇ. ಹೊರಗೆ ಇಟ್ಟಿಗೆ, ಒಳಗೆ ಹೋದರೆ ಮಧ್ಯಯುಗದ ಮರದ ತೊಲೆಗಳು. ನಮ್ಮ ಮಲೆನಾಡಿನ ತೊಟ್ಟಿಮನೆಯ ಅಟ್ಟದ ಕೆಳಗೆ ನಿಂತ ಹಾಗಿರುತ್ತದೆ. ಬಿಳಿ ಬಣ್ಣದ ಪೆಟ್ಟಿಗೆಯಂಥ ಆಸನಗಳು, ಮೂರು ಅಂತಸ್ತಿನ ಪ್ರವಚನ ಪೀಠ. ಬೀಗದ ಕೈ ಹತ್ತಿರದ ಮನೆಯಲ್ಲಿ ಸಿಗುವ ಪದ್ಧತಿ. ಎಲ್ಲಿ ಎಂದು ಹೊರಡುವ ಮುಂಚೆಯೇ ವಿಚಾರಿಸಿ. ಮಳೆ ಬಂದ ಮೇಲೆ ಹೊಲ ಕೆಸರು, ಎತ್ತರದ ಬೂಟು ಬೇಕು.

ಅಲ್ಲಿಂದ ಬ್ರುಕ್‌ಲ್ಯಾಂಡ್ ಸ್ವಲ್ಪವೇ ದೂರ. ಗಂಟೆಯ ಗೋಪುರ ಚರ್ಚಿನ ಮೇಲಿಲ್ಲ, ಪಕ್ಕದಲ್ಲಿ ನೆಲದ ಮೇಲೆ ಬೇರೆಯಾಗಿ ನಿಂತಿದೆ. ಮೂರು ಮರದ ಕೊಡೆಗಳನ್ನು ಒಂದರ ಮೇಲೊಂದು ಇಟ್ಟ ಹಾಗೆ. ಜೌಗು ನೆಲಕ್ಕೆ ಭಾರ ತಡೆಯುವುದಿಲ್ಲ ಎಂಬ ಕಾರಣವನ್ನು ಊರವರು ಹೇಳುತ್ತಾರೆ. ಆದರೆ ನಾನು ನಿಮ್ಮನ್ನು ಅಲ್ಲಿಗೆ ಕಳಿಸುವುದು ಒಳಗಿನ ದೀಕ್ಷಾಸ್ನಾನದ ತೊಟ್ಟಿಗಾಗಿ. ನಾರ್ಮನ್ನರ ಕಾಲದ್ದು, ಪೂರ್ತಿ ಸೀಸದ್ದು. ಅದರ ಮೇಲೆ ಎರಡು ಸಾಲು ಪುಟ್ಟ ಕಮಾನುಗಳು. ಮೇಲಿನ ಸಾಲಿನಲ್ಲಿ ರಾಶಿಗಳು, ಕೆಳಗಿನ ಸಾಲಿನಲ್ಲಿ ಆಯಾ ತಿಂಗಳ ಕೆಲಸ. ಮೀನ, ಮೇಷ, ವೃಷಭ, ಮಿಥುನ ಎಂದು ಬೆರಳಿಟ್ಟು ಎಣಿಸಬಹುದು. ಕೆಳಗೆ ಹುಲ್ಲು ಕೊಯ್ಯುವವನು, ಕಾಳು ಬಡಿಯುವವನು, ದ್ರಾಕ್ಷಿ ತುಳಿಯುವವನು. ನನ್ನ ಅತ್ತೆ ಇಂಗ್ಲಿಷ್ ಓದಲಾರರು. ಈ ತೊಟ್ಟಿಯನ್ನು ಅವರಿಗೆ ನಾನು ವಿವರಿಸಲೇ ಇಲ್ಲ. ಅವರೇ ನನಗೆ ಓದಿ ಹೇಳಿದರು.

ಮೂರನೆಯದು ನ್ಯೂ ರಾಮ್ನಿ. ಒಂದು ಕಾಲಕ್ಕೆ ಬಂದರು ಪಟ್ಟಣ. 1287ರ ಬಿರುಗಾಳಿ ಊರೊಳಗೆ ಮಣ್ಣು, ಮರಳು ತಂದು ಸುರಿಯಿತು, ನದಿಯ ಪಾತ್ರವೇ ಬೇರೆಯಾಯಿತು. ಹೊರಗಿನ ನೆಲ ಎತ್ತರವಾಗಿ, ಚರ್ಚಿಗೆ ಈಗ ಮೆಟ್ಟಿಲು ಇಳಿದು ಹೋಗಬೇಕು. ಕಂಬಗಳ ಕೆಳಭಾಗದಲ್ಲಿ ಆ ನೆರೆಯ ಕಲೆ ತೋರಿಸುತ್ತಾರೆ. ಹೊತ್ತಿದ್ದರೆ ದಾರಿಯಲ್ಲಿ ಓಲ್ಡ್ ರಾಮ್ನಿಗೆ ಇಣುಕಿ. 1960ರ ದಶಕದಲ್ಲಿ ಸಿನಿಮಾ ಶೂಟಿಂಗಿಗೆ ಆಸನಗಳಿಗೆ ಗುಲಾಬಿ ಬಣ್ಣ ಬಳಿದರು. ಊರವರಿಗೆ ಇಷ್ಟವಾಗಿ ಹಾಗೇ ಇಟ್ಟುಕೊಂಡರು.

ಎರಡು ಚಿಕ್ಕ ಚರ್ಚುಗಳು

ಬಾರ್ಫ್ರೆಸ್ಟನ್ ಕ್ಯಾಂಟರ್ಬರಿಗೂ ಡೋವರ್‌ಗೂ ನಡುವೆ. 12ನೆಯ ಶತಮಾನದ ಕೊನೆಯದು, ಅಂಗೈಯಗಲದ ಚರ್ಚು. ದಕ್ಷಿಣದ ಬಾಗಿಲಿನ ಸುತ್ತ ಕೆತ್ತನೆಗೆ ಬಿಡುವೇ ಇಲ್ಲ. ಪ್ರಾಣಿ, ಬಳ್ಳಿ, ಯೋಧ, ವಾದ್ಯಗಾರ. ಹೊಯ್ಸಳರ ಗುಡಿಗಳು ಎದ್ದದ್ದೂ ಅದೇ ಶತಮಾನದಲ್ಲಿ ಎಂದು ನೆನೆಸಿಕೊಂಡು ನೋಡಿ. ಗೋಪುರವಿಲ್ಲ. ಹಾಗಾದರೆ ಗಂಟೆ ಎಲ್ಲಿ? ಅಂಗಳದ ಯೂ ಮರದಲ್ಲಿ.

ಟ್ಯೂಡ್ಲಿ ಟನ್‌ಬ್ರಿಡ್ಜ್ ಹತ್ತಿರದ ಹಳ್ಳಿ. 1963ರಲ್ಲಿ ದೋಣಿ ಅಪಘಾತದಲ್ಲಿ ಇಪ್ಪತ್ತೊಂದು ವರ್ಷದ ಹುಡುಗಿ ಮುಳುಗಿ ಸತ್ತಳು. ಅವಳ ನೆನಪಿಗೆ ಒಂದು ಕಿಟಕಿ ಮಾಡಿಕೊಡಿ ಎಂದು ತಂದೆ ತಾಯಿ ಚಿತ್ರಕಾರ ಮಾರ್ಕ್ ಶಗಾಲ್‌ರನ್ನು ಕೇಳಿದರು. 1967ರಲ್ಲಿ ಅದು ಸಿದ್ಧವಾಯಿತು. ಶಗಾಲ್ ಅಲ್ಲಿಗೆ ನಿಲ್ಲಿಸಲಿಲ್ಲ. ಒಂದೊಂದಾಗಿ ಹನ್ನೆರಡೂ ಕಿಟಕಿಗಳನ್ನು ಅವರೇ ರಚಿಸಿದರು. ಕೊನೆಯವು ಕೂರಿಸಿದ್ದು 1985ರಲ್ಲಿ, ಅವರು ತೀರಿಕೊಂಡ ವರ್ಷ. ಪೂರ್ವದ ಕಿಟಕಿಯ ಕೆಳಭಾಗದಲ್ಲಿ ನೀಲಿ ಅಲೆಯಲ್ಲಿ ಆ ಹುಡುಗಿ ಇದ್ದಾಳೆ. ಬಿಸಿಲಿರುವ ದಿನ ಬೆಳಿಗ್ಗೆಯೇ ಹೋಗಿ. ಮೋಡ ಕವಿದಿದ್ದರೆ ಇನ್ನೊಂದು ದಿನಕ್ಕೆ ಮುಂದೂಡಿ.

ಥ್ರೌಲಿಯಲ್ಲಿ ಶ್ರೀರಂಗಪಟ್ಟಣ

ಫಾವರ್‌ಶಮ್‌ನಿಂದ ದಕ್ಷಿಣಕ್ಕೆ ಕೆಲವೇ ಮೈಲಿ. ಹೊಲಗಳ ನಡುವಿನ ಥ್ರೌಲಿ ಚರ್ಚಿನಲ್ಲಿ ಜನರಲ್ ಜಾರ್ಜ್ ಹ್ಯಾರಿಸ್‌ನ ಸ್ಮಾರಕ ಪ್ರತಿಮೆ ಇದೆ. 1799ರ ಮೇ 4ರಂದು ಶ್ರೀರಂಗಪಟ್ಟಣದ ಕೋಟೆ ಬಿದ್ದಾಗ, ಟಿಪ್ಪು ಸುಲ್ತಾನ್ ಸತ್ತಾಗ, ದಂಡೆತ್ತಿ ಬಂದ ಸೈನ್ಯದ ದಂಡನಾಯಕ ಈತ. ಲೂಟಿಯಲ್ಲಿ ಬಂದ ಪಾಲಿನ ಹಣದಿಂದ 1801ರಲ್ಲಿ ಹತ್ತಿರದ ಬೆಲ್ಮಾಂಟ್ ಎಂಬ ಬಂಗಲೆ ಕೊಂಡ. 1815ರಲ್ಲಿ ಅವನಿಗೆ ಸಿಕ್ಕ ಪದವಿಯ ಹೆಸರಿನಲ್ಲೇ ಶ್ರೀರಂಗಪಟ್ಟಣ, ಮೈಸೂರು ಎರಡೂ ಇವೆ.

ಇದಕ್ಕೆ ಒಂದು ಸಲಹೆ ಇದೆ. ಮಕ್ಕಳಿದ್ದರೆ ಒಳಗೆ ಹೋಗುವ ಮುಂಚೆ ಈ ಕಥೆ ಹೇಳಿ. ನಾನು ಬೆಳೆದದ್ದು ಮಂಡ್ಯದ ಕಡೆ. ಕೋಟೆ ಗೋಡೆ ಒಡೆದ ಆ ಜಾಗಕ್ಕೆ ಶಾಲೆಯಿಂದ ಟೂರ್ ಹೋಗಿದ್ದೆ. ಆ ಒಡಕಿನ ಇನ್ನೊಂದು ತುದಿ ಈ ಹಳ್ಳಿಯಲ್ಲಿದೆ ಎಂದು ಗೊತ್ತಾದಾಗ ಗಂಟಲು ಕಟ್ಟಿತು. ಸಿಟ್ಟೂ ಬಂತು. ಇನ್ನೊಂದು ಕಡೆ, ಅಷ್ಟು ದೂರದ ಊರಿನಲ್ಲಿ ನಮ್ಮೂರಿನ ಹೆಸರು ಕಂಡ ಒಂದು ವಿಚಿತ್ರ ಆತ್ಮೀಯತೆ. ಎರಡೂ ಒಟ್ಟಿಗೇ ಇರಲಿ ಬಿಡಿ. ಇಂಗ್ಲೆಂಡಿನ ಎಷ್ಟೋ ಚರ್ಚುಗಳ ಗೋಡೆಗಳಲ್ಲಿ ಭಾರತದಲ್ಲಿ ಸತ್ತ ಸೈನಿಕರ, ಅಧಿಕಾರಿಗಳ ಫಲಕಗಳಿವೆ. ಎಲ್ಲಿ ಹೋದರೂ ಗೋಡೆ ಓದಿ.

ಚರ್ಚು ಮಾತ್ರ ಅಲ್ಲ

ಗ್ರೇವ್ಸೆಂಡ್‌ನ ಗುರುನಾನಕ್ ದರ್ಬಾರ್ ಗುರುದ್ವಾರ 2010ರಲ್ಲಿ ತೆರೆಯಿತು. ಯುರೋಪಿನ ದೊಡ್ಡ ಗುರುದ್ವಾರಗಳಲ್ಲಿ ಒಂದು. ಇಲ್ಲಿ ಶೂ ಬಿಡಬೇಕು, ಗಂಡಸು ಹೆಂಗಸು ಎಲ್ಲರೂ ತಲೆ ಮುಚ್ಚಿಕೊಳ್ಳಬೇಕು. ಸಿಗರೇಟು, ಮದ್ಯ ಜೇಬಿನಲ್ಲೂ ಇರಬಾರದು. ಲಂಗರ್ ಎಂಬ ಊಟದ ಶಾಲೆಯಲ್ಲಿ ಊಟ ಎಲ್ಲರಿಗೂ ಉಚಿತ. ಬಡಿಸಿದ್ದನ್ನು ಬಿಡಬೇಡಿ. ಅದೇ ಊರಿನ ಸೇಂಟ್ ಜಾರ್ಜ್ ಚರ್ಚಿನಲ್ಲಿ 1617ರಲ್ಲಿ ತೀರಿಕೊಂಡ ಅಮೆರಿಕದ ಮೂಲನಿವಾಸಿ ಹೆಣ್ಣುಮಗಳು ಪೊಕಹಾಂಟಸ್‌ಳ ಸಮಾಧಿ ಮಾಡಿದರು. ಹಳೆಯ ಚರ್ಚು ಬೆಂಕಿಗೆ ಹೋಗಿ, ಸಮಾಧಿಯ ಜಾಗ ಈಗ ಗುರುತಿಗಿಲ್ಲ. ಅಂಗಳದಲ್ಲಿ ಅವಳ ಪ್ರತಿಮೆ ಇದೆ.

ಸಮುದ್ರ ತೀರದ ರಾಮ್ಸ್‌ಗೇಟ್‌ನಲ್ಲಿ ಸೇಂಟ್ ಅಗಸ್ಟಿನ್ ಎಂಬ ಕ್ಯಾಥೊಲಿಕ್ ಚರ್ಚನ್ನು ವಾಸ್ತುಶಿಲ್ಪಿ ಪ್ಯೂಜಿನ್ ತನ್ನ ಸ್ವಂತ ದುಡ್ಡಿನಲ್ಲಿ ಕಟ್ಟಿದ. ಲಂಡನ್ನಿನ ದೊಡ್ಡ ಗಡಿಯಾರದ ಗೋಪುರದ ವಿನ್ಯಾಸ ಮಾಡಿದ್ದೂ ಅವನೇ. 1852ರಲ್ಲಿ ಸತ್ತಾಗ ಅಲ್ಲೇ ಮಣ್ಣಾದ. ಅದೇ ಊರಲ್ಲಿ 1833ರ ಮಾಂಟೆಫಿಯೋರಿ ಯೆಹೂದಿ ಪ್ರಾರ್ಥನಾ ಮಂದಿರ ಇದೆ. ಮೊದಲೇ ಕೇಳಿಕೊಂಡು ಹೋಗಬೇಕು, ಒಳಗೆ ಗಂಡಸರು ತಲೆ ಮುಚ್ಚಿಕೊಳ್ಳಬೇಕು.

ಆರಾಧನೆ ನಡೆಯುತ್ತಿದ್ದರೆ

ಮದುವೆಯೋ ಶವಸಂಸ್ಕಾರವೋ ಆಗಿದ್ದರೆ ಹೊರಗೇ ಕಾಯಿರಿ. ಭಾನುವಾರದ ಆರಾಧನೆಯಾದರೆ ಹಿಂದಿನ ಸಾಲಿನಲ್ಲಿ ಕೂರಬಹುದು. ಎಲ್ಲರೂ ಎದ್ದಾಗ ಏಳಿ. ಹಾಡಲೇಬೇಕು ಎಂದಿಲ್ಲ. ರೊಟ್ಟಿ, ದ್ರಾಕ್ಷಾರಸ ಕೊಡುವಾಗ ಕೂತಲ್ಲೇ ಇರಬಹುದು. ಮುಂದೆ ಹೋದರೆ ಎರಡೂ ಕೈಯನ್ನು ಎದೆ ಮೇಲೆ ಕತ್ತರಿಯಾಗಿ ಇಟ್ಟುಕೊಳ್ಳಿ. ಪಾದ್ರಿ ಆಶೀರ್ವಾದ ಮಾತ್ರ ಕೊಡುತ್ತಾರೆ. ನೀವು ಯಾವ ಧರ್ಮದವರು ಎಂದು ಯಾರೂ ಕೇಳುವುದಿಲ್ಲ.

ಕ್ಯಾಂಟರ್ಬರಿ ಮತ್ತು ರಾಚೆಸ್ಟರ್‌ನಲ್ಲಿ ಸಂಜೆಯ ಹಾಡಿನ ಆರಾಧನೆ ಇರುತ್ತದೆ, ಈವನ್‌ಸಾಂಗ್ ಎಂದು. ಮುಕ್ಕಾಲು ಗಂಟೆ ಸುಮಾರು. ಅದಕ್ಕೆ ಟಿಕೆಟ್ ಇಲ್ಲ. ಸಮಯ ದಿನಕ್ಕೊಂದು ಥರ ಇರಬಹುದು, ನೋಡಿಕೊಂಡು ಹತ್ತು ನಿಮಿಷ ಮುಂಚೆ ಹೋಗಿ. ಫೋನ್ ಪೂರ್ತಿ ಆಫ್ ಮಾಡಿ. ಹಾಡು ಆ ಎತ್ತರದ ಕಲ್ಲಿನ ಕಮಾನಿಗೆ ತಾಗಿ ಕೆಳಗಿಳಿದು ಬರುವುದನ್ನು ಕೇಳಿದ ಮೇಲೆಯೇ ಆ ಕಟ್ಟಡವನ್ನು ಯಾಕೆ ಹಾಗೆ ಕಟ್ಟಿದ್ದಾರೆ ಎಂದು ನನಗೆ ತಿಳಿದದ್ದು.

ಹೊರಡುವ ಮುಂಚೆ

ಫೋಟೊ ತೆಗೆಯಲು ಹೆಚ್ಚಿನ ಹಳ್ಳಿ ಚರ್ಚುಗಳಲ್ಲಿ ಅಡ್ಡಿ ಇಲ್ಲ. ಯಾರಾದರೂ ಪ್ರಾರ್ಥಿಸುತ್ತಿದ್ದರೆ ಕ್ಯಾಮೆರಾ ಇಳಿಸಿ. ಗೋಡೆಯಲ್ಲಿ ಕಾಣಿಕೆಯ ಗೂಡು ಇರುತ್ತದೆ, ಕೆಲವು ಕಡೆ ಕಾರ್ಡ್ ತಾಗಿಸುವ ಯಂತ್ರ. ನಾನು ಒಬ್ಬರಿಗೆ ಮೂರು ಪೌಂಡಿನಂತೆ ಹಾಕುತ್ತೇನೆ. ಛಾವಣಿ, ಬೆಂಕಿ ವಿಮೆ, ಕರೆಂಟು, ಎಲ್ಲವನ್ನೂ ಊರಿನ ಕೈಬೆರಳೆಣಿಕೆಯ ಜನ ಹೊರುತ್ತಿದ್ದಾರೆ.

ಬಾಗಿಲ ಬಳಿ ಮೇಜಿನ ಮೇಲೆ ಒಂದು ಸಂದರ್ಶಕರ ಪುಸ್ತಕ ಇರುತ್ತದೆ. ತಪ್ಪದೆ ಬರೆಯಿರಿ. ದುರಸ್ತಿಗೆ ಅನುದಾನ ಕೇಳುವಾಗ ಎಷ್ಟು ಜನ ಬಂದಿದ್ದರು ಎಂದು ತೋರಿಸಲು ಅವರಿಗೆ ಅದೇ ದಾಖಲೆ. ತಾರೀಖು, ಹೆಸರು, ಊರು. ನಾನು ಊರಿನ ಹೆಸರನ್ನು ಎರಡು ಸಲ ಬರೆಯುತ್ತೇನೆ, ಒಮ್ಮೆ ಇಂಗ್ಲಿಷಿನಲ್ಲಿ, ಒಮ್ಮೆ ಕನ್ನಡದಲ್ಲಿ. ಬ್ರುಕ್‌ಲ್ಯಾಂಡಿನಲ್ಲಿ ಅತ್ತೆಯ ಕೈಯಲ್ಲಿ ಪೆನ್ನು ಕೊಟ್ಟೆ. ಅವರು ಕನ್ನಡದಲ್ಲಿ ಹೆಸರು ಬರೆದು, ಪಕ್ಕದಲ್ಲಿ ‘ತೊಟ್ಟಿ ಚೆನ್ನಾಗಿದೆ’ ಎಂದು ಸೇರಿಸಿದರು. ಆಮೇಲೆ ದೀಪ ಆರಿಸಿ, ಬಳೆ ತಿರುಗಿಸಿ, ಚಿಲಕ ಬಿದ್ದ ಸದ್ದು ಕೇಳಿಸಿಕೊಂಡು, ಹಕ್ಕಿಯ ಬಾಗಿಲನ್ನೂ ಎಳೆದುಕೊಂಡು ಬಂದೆವು.